ವಿಆರ್ ಹಾಕಿದರೆ ಹೊಟ್ಟೆ ತೊಳಸೋದು ಯಾಕೆ? ಒಂದು ಆಟಕ್ಕೆ ಆಗುತ್ತೆ, ಇನ್ನೊಂದಕ್ಕೆ ಆಗಲ್ಲ

ಗಿರಗಿಟ್ಲೆ (ಪ್ರಶ್ನೆ)

ನಮ್ಮದು ಕಣ್ಣಿಗೆ ಕಟ್ಟಿಕೊಂಡು ನೋಡೋ ವಿಆರ್ (ವರ್ಚುವಲ್ ರಿಯಾಲಿಟಿ) ಯಂತ್ರ, ಕಂಪ್ಯೂಟರ್ ಇಲ್ಲದೆ ತಾನೇ ಓಡೋ ಥರದ ಹೆಡ್‌ಸೆಟ್. ಲೆನ್ಸ್ ಅಂತರ ಮೂರು ಹಂತದಲ್ಲಿ ಸರಿಸಬಹುದು, ಈಗ ನಡುವಿನ ಹಂತದಲ್ಲಿದೆ. ರಿಫ್ರೆಶ್ ರೇಟ್ 90 ಹರ್ಟ್ಸ್, ಅಂದ್ರೆ ಪರದೆ ಸೆಕೆಂಡಿಗೆ 90 ಸಲ ಹೊಸ ಚಿತ್ರ ತೋರಿಸುತ್ತೆ. ಬಳಸೋರು ಮೂರು ಜನ, ಅವರಲ್ಲಿ ಒಬ್ಬರಿಗೆ ಕನ್ನಡಕ ಇದೆ. ಆಗ್ತಿರೋದು ಇಷ್ಟು:

1. ನಿಂತಲ್ಲೇ ನಿಂತು ಕತ್ತಿ ಬೀಸಿ ಪೆಟ್ಟಿಗೆ ಕಡಿಯೋ ಆಟ: 40 ನಿಮಿಷ ಆಡಿದ್ರೂ ಯಾರಿಗೂ ಏನೂ ಆಗಲ್ಲ.
2. ಕೈಯಲ್ಲಿ ಹಿಡಿದ ಕಂಟ್ರೋಲರ್‌ನ ಸ್ಟಿಕ್ ತಳ್ಳಿ ನಡೆಯೋ ಆಟ: 8–10 ನಿಮಿಷಕ್ಕೆ ಬೆವರು, ಹೊಟ್ಟೆ ತೊಳಸು. ಇಬ್ಬರಿಗೆ ಹೀಗೆ, ಮೂರನೆಯವರು ಆರಾಮ.
3. ಸಿನಿಮಾ ನೋಡಿದ್ರೆ: ಕನ್ನಡಕದವರಿಗೆ ಮಾತ್ರ ಹಣೆನೋವು, ಕಣ್ಣು ಭಾರ. ವಾಕರಿಕೆ ಇಲ್ಲ.
4. ಕಂಪ್ಯೂಟರಿಂದ ವೈಫೈ ಮೇಲೆ ಕಾರ್ ರೇಸ್: ಎಲ್ಲರಿಗೂ ತಲೆ ಸುತ್ತುತ್ತೆ, ಆದ್ರೆ ಕೆಲವು ದಿನ ಮಾತ್ರ.

ಯಾರನ್ನ ಕೇಳಿದ್ರೂ "ಅಭ್ಯಾಸ ಆಗುತ್ತೆ" ಅಂತಾರೆ. ಒಂದೇ ಕಾರಣ ಆಗಿದ್ರೆ ಇಷ್ಟು ಥರ ಯಾಕೆ ಬರಬೇಕು? ಯಾವುದನ್ನ ಮೊದಲು ಸರಿಮಾಡೋದು? "ನೀರು ಕುಡೀರಿ, ರೆಸ್ಟ್ ತಗೊಳ್ಳಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಒಳಕಿವಿ

ನೀವು ಬರೆದ ನಾಲ್ಕು ಸಾಲಿನಲ್ಲೇ ಅರ್ಧ ಉತ್ತರ ಇದೆ. ಇದು ಒಂದು ತೊಂದರೆ ಅಲ್ಲ, ಮೂರು. ಎರಡನೆಯದು ಆಟ ಕಟ್ಟಿದ ರೀತಿಯಿಂದ ಬಂದದ್ದು, ಮೂರನೆಯದು ಲೆನ್ಸಿಗೂ ಕಣ್ಣಿಗೂ ನಡುವಿನದು, ನಾಲ್ಕನೆಯದು ಬಹುಶಃ ನಿಮ್ಮ ವೈಫೈ. ನಾನು ಎರಡನೆಯದನ್ನಷ್ಟೇ ಹೇಳುತ್ತೇನೆ, ಮಿಕ್ಕಿದ್ದಕ್ಕೆ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ.

ಒಳಕಿವಿಯಲ್ಲಿ ಚಲನೆಯನ್ನು ಗ್ರಹಿಸುವ ಎರಡು ಬಗೆಯ ಅಂಗಗಳಿವೆ. ಮೂರು ಅರೆವೃತ್ತ ನಾಳಗಳು ತಲೆ ತಿರುಗಿದ್ದನ್ನು ಹೇಳುತ್ತವೆ: ತಲೆ ತಿರುಗಿದಾಗ ನಾಳದೊಳಗಿನ ದ್ರವ ಒಂದಿಷ್ಟು ಹಿಂದೆ ಬೀಳುತ್ತದೆ, ಆ ಒತ್ತಡವೇ ಸುದ್ದಿ. ಇನ್ನೆರಡು ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಅಂಟಂಟಾದ ಪದರದ ಮೇಲೆ ಕೂತಿರುತ್ತವೆ. ದೇಹ ಮುಂದಕ್ಕೋ ಹಿಂದಕ್ಕೋ ಮೇಲಕ್ಕೋ ಜಗ್ಗಿದರೆ ಹರಳು ಜಾರುತ್ತದೆ, ಅದು ಗೊತ್ತಾಗುತ್ತದೆ. ಇಲ್ಲಿ ನೆನಪಿಡಬೇಕಾದ್ದು, ಕಿವಿಗೆ ತಿಳಿಯುವುದು ವೇಗವಲ್ಲ, ವೇಗ ಬದಲಾಗುವುದು. ನೇರ ಹಳಿಯ ಮೇಲೆ ಒಂದೇ ವೇಗದಲ್ಲಿ ಓಡುವ ರೈಲಿನಲ್ಲಿ ಕಣ್ಣು ಮುಚ್ಚಿ ಕೂತರೆ ಕಿವಿ ತೆಪ್ಪಗಿರುತ್ತದೆ.

ಸ್ಟಿಕ್ ತಳ್ಳಿದ ಕೂಡಲೆ ಕಣ್ಣಿಗೆ ನೆಲ, ಗೋಡೆ, ಮರ ಎಲ್ಲ ಹಿಂದಕ್ಕೆ ಹರಿಯುವುದು ಕಾಣುತ್ತದೆ. ನೋಟದ ಅಂಚುಗಳಲ್ಲಿ ಹರಿಯುವುದು ಹೆಚ್ಚು ಪರಿಣಾಮ ಮಾಡುತ್ತದೆ. ಪಕ್ಕದ ಹಳಿಯ ರೈಲು ಹೊರಟಾಗ ನಮ್ಮದೇ ಹೊರಟಿತು ಅನಿಸುತ್ತದಲ್ಲ, ಅದೇ ಭ್ರಮೆ. ಕಣ್ಣು "ಹೊರಟೆವು" ಅನ್ನುತ್ತದೆ, ಕಿವಿ "ಎಲ್ಲಿಗೆ?" ಅನ್ನುತ್ತದೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕೂತವರಿಗೆ ಆಗುವುದು ಇದರ ತಿರುಗುಮುರುಗು: ಅಲ್ಲಿ ಕಿವಿಗೆ ಎಲ್ಲ ತಿರುವೂ ಗೊತ್ತು, ಕಣ್ಣಿಗೆ ಮಾತ್ರ ಅಲುಗದ ಪರದೆ. ಹೊಟ್ಟೆಗೆ ಎರಡೂ ಒಂದೇ. ಒಳಕಿವಿಯ ಈ ಅಂಗಗಳು ಎರಡೂ ಕಡೆ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಪ್ರಯಾಣದ ವಾಕರಿಕೆ ಬರುವುದಿಲ್ಲ ಎನ್ನುವುದು ಹಳೆಯ ಕಾಲದಿಂದ ಗೊತ್ತಿರುವ ವಿಷಯ.

ನಿಮ್ಮ ಕತ್ತಿಯಾಟದಲ್ಲಿ ದೃಶ್ಯ ಸರಿಯುವುದು ನಿಮ್ಮ ತಲೆ ಸರಿದಾಗ ಮಾತ್ರ. ಜಗಳವೇ ಇಲ್ಲ, ಅದಕ್ಕೇ 40 ನಿಮಿಷ ಆರಾಮ.

ಇಂದ್ರಿಯಗಳ ಈ ಜಗಳದ ವಾದವನ್ನು ಚೊಕ್ಕಟವಾಗಿ ಮುಂದಿಟ್ಟವರು ರೀಸನ್ ಮತ್ತು ಬ್ರ್ಯಾಂಡ್, 1975ರಲ್ಲಿ. ಜಗಳವಾದರೆ ಹೊಟ್ಟೆಗೇಕೆ ಶಿಕ್ಷೆ ಎಂಬುದಕ್ಕೆ 1977ರಲ್ಲಿ ಟ್ರೈಸ್ಮನ್ ಒಂದು ಊಹೆ ಕೊಟ್ಟರು: ಕಣ್ಣು ಕಿವಿ ತಾಳೆಯಾಗದಿದ್ದರೆ ವಿಷ ತಿಂದಿರಬೇಕು ಎಂದು ಮಿದುಳು ತಿಳಿಯುತ್ತದೆ, ಕಕ್ಕಿಸಲು ಹೊರಡುತ್ತದೆ. ಎಲ್ಲರೂ ಒಪ್ಪಿದ್ದಾರೆ ಎಂದುಕೊಳ್ಳಬೇಡಿ. ರಿಚ್ಚಿಯೋ ಮತ್ತು ಸ್ಟೊಫ್ರೆಗನ್ 1991ರಲ್ಲಿ ಬೇರೆಯೇ ವಾದ ಹೂಡಿದರು: ದೇಹದ ಸಮತೋಲ ಹಿಡಿದಿಡಲು ಆಗದೆ ಹೆಚ್ಚು ಹೊತ್ತು ತೂಗಾಡುವುದೇ ಕಾಯಿಲೆಯ ಮೂಲ, ಜಗಳವಲ್ಲ ಎಂದು. ನಮ್ಮ ಮಟ್ಟಿಗೆ ಎರಡೂ ವಾದದಿಂದ ಸಿಗುವ ಸಲಹೆ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಮುಂದಕ್ಕೆ ಹೋಗೋಣ.

ಆಟದ ಸೆಟ್ಟಿಂಗ್ಸ್‌ನಲ್ಲಿ ಮೊದಲು ಮುಟ್ಟಬೇಕಾದ್ದು ನಡಿಗೆಯಲ್ಲ, ತಿರುಗುವುದು. ನಯವಾಗಿ ತಿರುಗುವುದನ್ನು ಬಿಟ್ಟು 30 ಅಥವಾ 45 ಡಿಗ್ರಿಯ ಜಿಗಿತದ ತಿರುವಿಗೆ (ಸ್ನ್ಯಾಪ್ ಟರ್ನ್) ಹಾಕಿ. ನಡುವಿನ ಚಲನೆ ಕಾಣುವುದೇ ಇಲ್ಲವಾದ್ದರಿಂದ ಕಿವಿಗೆ ತಕರಾರಿಲ್ಲ. ಇನ್ನೂ ಒಳ್ಳೆಯದು ತಿರುಗುವ ಕುರ್ಚಿಯಲ್ಲಿ ಕೂತು ಮೈಯನ್ನೇ ತಿರುಗಿಸುವುದು. ಆಮೇಲೆ ಟೆಲಿಪೋರ್ಟ್ (ನಡೆಯದೆ ಬೇಕಾದ ಜಾಗಕ್ಕೆ ಒಮ್ಮೆಲೇ ಹಾರುವುದು) ಇದ್ದರೆ ಅದು. ಇಲ್ಲದಿದ್ದರೆ ನಡಿಗೆಯ ವೇಗ ಕಡಿಮೆ ಮಾಡಿ, ಸ್ಟಿಕ್ಕನ್ನು ಚೂರುಚೂರೇ ತಳ್ಳಬೇಡಿ. ತಳ್ಳಿ, ಬಿಡಿ, ತಳ್ಳಿ, ಬಿಡಿ ಎಂದರೆ ಪ್ರತಿ ಸಲವೂ ವೇಗದ ಬದಲಾವಣೆ. ಒಂದೇ ವೇಗದಲ್ಲಿ ನೇರ ಹೋದರೆ ಅಷ್ಟು ಕಾಡುವುದಿಲ್ಲ. ಅಡ್ಡಡ್ಡ ಸರಿಯುವುದು, ಹಿಂದಕ್ಕೆ ನಡೆಯುವುದು, ಮೆಟ್ಟಿಲು, ಲಿಫ್ಟ್, ಜಿಗಿತ ಇವೆಲ್ಲ ಮೊದಲ ವಾರ ಬೇಡ. ಹೆಜ್ಜೆ ಹಾಕಿದಂತೆ ದೃಶ್ಯ ಕುಲುಕುವ ಆಯ್ಕೆ ಇದ್ದರೆ ಆಫ್ ಮಾಡಿಬಿಡಿ.

ಚಲಿಸುವಾಗ ನೋಟದ ಅಂಚು ಕಪ್ಪಾಗಿಸುವ ವಿನ್ಯೆಟ್ ಅನ್ನು ಪೂರ್ತಿ ಏರಿಸಿ. ಅದು ಚೆಂದಕ್ಕೆ ಇಟ್ಟದ್ದಲ್ಲ, ಭ್ರಮೆ ಹುಟ್ಟುವುದೇ ಅಂಚಿನಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಫರ್ನಾಂಡಿಸ್ ಮತ್ತು ಫೈನರ್ 2016ರಲ್ಲಿ, ಚಲನೆಗೆ ತಕ್ಕಂತೆ ನೋಟವನ್ನು ನಯವಾಗಿ ಕುಗ್ಗಿಸಿದರೆ ಕಾಯಿಲೆ ಇಳಿಯುತ್ತದೆ, ಆಡುವವರ ಗಮನಕ್ಕೂ ಅಷ್ಟಾಗಿ ಬರದಂತೆ ಮಾಡಬಹುದು ಎಂದು ತೋರಿಸಿದರು.

ಮೂರನೆಯವರಿಗೆ ಏನೂ ಆಗದಿರುವುದು ವಿಚಿತ್ರವಲ್ಲ. ಬಸ್ಸಿನಲ್ಲಿ ವಾಂತಿ ಮಾಡುವವರು, ಮೈಗ್ರೇನ್ ಇರುವವರು ಸಾಮಾನ್ಯವಾಗಿ ವಿಆರ್‌ಗೂ ಬೇಗ ಸೋಲುತ್ತಾರೆ. ಜತೆಗೆ, ಸ್ಟಿಕ್ ಯಾರ ಕೈಯಲ್ಲಿದೆಯೋ ಅವರಿಗೆ ತಿರುವು ಮೊದಲೇ ಗೊತ್ತಿರುತ್ತದೆ. ಘಾಟಿಯಲ್ಲಿ ಡ್ರೈವರಿಗೆ ಏನೂ ಆಗದಿರುವುದೂ ಇದಕ್ಕೇ.

ಸ್ಪೀಡ್‌ರಾಜ

ಗುರು, ಇಷ್ಟೆಲ್ಲ ಯಾಕೆ? 90 ತೆಗೆದು 120 ಹಾಕಿ, ಎಲ್ಲ ಕ್ಲಿಯರ್. ಹಳೇ ಹೆಡ್‌ಸೆಟ್‌ಗಳು 60ರಲ್ಲಿ ಓಡ್ತಿದ್ದಕ್ಕೇ ಜನ ವಾಂತಿ ಮಾಡ್ಕೊಳ್ತಿದ್ದಿದ್ದು.

ಹನ್ನೊಂದುಮಿಲಿ

120 ಹಾಕೋದ್ರಲ್ಲಿ ತಪ್ಪಿಲ್ಲ, ಆಟ ಅದನ್ನ ಹಿಡಿದಿಟ್ಟುಕೊಂಡ್ರೆ. ಲೆಕ್ಕ ನೋಡಿ: 72ಕ್ಕೆ ಒಂದು ಫ್ರೇಮ್ (ಒಂದು ಚಿತ್ರ) ಬಿಡಿಸೋಕೆ 13.9 ಮಿಲಿಸೆಕೆಂಡ್ ಸಿಗುತ್ತೆ, 90ಕ್ಕೆ 11.1, 120ಕ್ಕೆ 8.3 ಮಾತ್ರ. ಅಷ್ಟರಲ್ಲಿ ಮುಗಿಯದಿದ್ರೆ ಹಳೇ ಫ್ರೇಮನ್ನೇ ತಿರುಚಿ ಮತ್ತೆ ತೋರಿಸುತ್ತೆ. ಅಲ್ಲಲ್ಲಿ ಎಡವೋ 120ಕ್ಕಿಂತ ಒಂದೂ ತಪ್ಪದ 72 ಎಷ್ಟೋ ವಾಸಿ. ಸ್ಟಿಕ್ ನಡಿಗೆಯ ಜಗಳವಂತೂ 120 ಅಲ್ಲ, 1000 ಹಾಕಿದ್ರೂ ಹೋಗಲ್ಲ. ಒಳಕಿವಿ ಬರೆದದ್ದನ್ನ ಇನ್ನೊಂದು ಸಲ ಓದಿ.

ಹಳೇ ಹೆಡ್‌ಸೆಟ್ ವಿಚಾರ. 2013ರ ಆಕ್ಯುಲಸ್ ಕಂಪನಿಯ ಡಿಕೆ1 ಹೆಡ್‌ಸೆಟ್ 60 ಹರ್ಟ್ಸ್ ಹೌದು, ಆದ್ರೆ ಅಸಲಿ ಕಾಟ ಬೇರೆ ಎರಡು. ಒಂದು, ತಲೆ ತಿರುಗಿದ್ದು ಮಾತ್ರ ಅದಕ್ಕೆ ಗೊತ್ತಾಗ್ತಿತ್ತು. ಮುಂದಕ್ಕೆ ಬಾಗಿದ್ರೆ ಲೋಕವೇ ಜತೆಗೆ ಬಾಗ್ತಿತ್ತು. ಎರಡು, ಪರದೆ ಇಡೀ ಫ್ರೇಮ್ ಹೊತ್ತು ಉರಿದೇ ಇರ್ತಿತ್ತು. ತಲೆ ಸೆಕೆಂಡಿಗೆ 100 ಡಿಗ್ರಿ ತಿರುಗುವಾಗ 16.7 ಮಿಲಿಸೆಕೆಂಡ್ ಒಂದೇ ಚಿತ್ರ ನಿಂತ್ರೆ 1.7 ಡಿಗ್ರಿಯಷ್ಟು ಬಳಿದುಕೊಂಡ ಹಾಗೆ ಮಸುಕಾಗುತ್ತೆ. 2014ರ ಡಿಕೆ2ನಲ್ಲಿ ತಲೆ ಎಲ್ಲಿದೆ ಅಂತ ನೋಡೋ ಕ್ಯಾಮೆರಾ ಬಂತು, ಫ್ರೇಮಿನ ಸ್ವಲ್ಪ ಹೊತ್ತು ಮಾತ್ರ ಬೆಳಗಿ ಕಪ್ಪಾಗೋ ಪರದೆ ಬಂತು, 75 ಹರ್ಟ್ಸ್ ಬಂತು. 2016ರ ರಿಫ್ಟ್, ವೈವ್ ಹೆಡ್‌ಸೆಟ್ ಎರಡೂ 90ಕ್ಕೆ ಬಂದವು. ಎಲ್ಲ ಪುಣ್ಯವನ್ನೂ ಹರ್ಟ್ಸ್ ಒಂದರ ಖಾತೆಗೆ ಹಾಕಬೇಡಿ.

ನಿಜವಾಗಿ ನೋಡಬೇಕಾದ್ದು ತಲೆ ಅಲುಗಿದ ಕ್ಷಣದಿಂದ ಅದು ಪರದೆಯ ಬೆಳಕಾಗಿ ಬರೋ ತನಕದ ತಡ. 20 ಮಿಲಿಸೆಕೆಂಡ್ ಒಳಗಿರಬೇಕು ಅನ್ನೋದು ಈ ಕೆಲಸದವರ ರೂಢಿ. ತಲೆ ತಿರುಗಿದಾಗ ಕಣ್ಣುಗುಡ್ಡೆಯನ್ನ ಎದುರು ದಿಕ್ಕಿಗೆ ಎಳೆದು ನೋಟ ನಿಲ್ಲಿಸೋ ಒಳಕಿವಿಯ ಪ್ರತಿಕ್ರಿಯೆ ಸುಮಾರು 10 ಮಿಲಿಸೆಕೆಂಡಲ್ಲೇ ಶುರುವಾಗಿರುತ್ತೆ, ಅದರ ಜತೆ ಓಡಬೇಕು. ತಡ 50 ಆದ್ರೆ, ಅದೇ 100 ಡಿಗ್ರಿ ವೇಗಕ್ಕೆ, ಲೋಕ 5 ಡಿಗ್ರಿ ಹಿಂದೆ ಬೀಳುತ್ತೆ. ಕೈ ಚಾಚಿ ಮೂರು ಬೆರಳು ಜೋಡಿಸಿ ಹಿಡಿದ್ರೆ ಅಷ್ಟು ಅಗಲ. ಲೋಕ ರಬ್ಬರಿನ ಹಾಗೆ ಎಳೆದುಕೊಂಡು ಬಂದಂಗೆ ಕಾಣೋದು ಇದಕ್ಕೆ.

ಈಗ ನಿಮ್ಮ ಕಾರ್ ರೇಸ್. "ಕೆಲವು ದಿನ ಮಾತ್ರ" ಅಂದ್ರಲ್ಲ, ಅಲ್ಲೇ ಸಿಕ್ತು. ಕಿವಿ, ಕಣ್ಣು ದಿನಕ್ಕೊಂದು ಥರ ಇರಲ್ಲ, ವೈಫೈ ಇರುತ್ತೆ. ಚಿತ್ರ ಕಂಪ್ಯೂಟರಲ್ಲಿ ಬಿಡಿಸಿ, ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಬಿಚ್ಚಿ ತೋರಿಸೋ ಹೊತ್ತಿಗೆ ತಡ 20ರೊಳಗೆ ಇರೋ ಮಾತೇ ಇಲ್ಲ. 40, 50 ಅಥವಾ ಜಾಸ್ತಿ. ತಲೆ ತಿರುಗಿದ್ದಕ್ಕೆ ಹೆಡ್‌ಸೆಟ್ಟೇ ಕೊನೇ ಕ್ಷಣದಲ್ಲಿ ಚಿತ್ರ ಸರಿಸಿ ಮುಚ್ಚಿಹಾಕುತ್ತೆ (ಟೈಮ್‌ವಾರ್ಪ್ ಅಂತಾರೆ). ಆದ್ರೆ ಮುಂದೆ ಬಾಗಿದ್ದು, ಪಕ್ಕಕ್ಕೆ ವಾಲಿದ್ದು, ಕೈಯ ಚಲನೆ ಇವಕ್ಕೆ ಆ ತೇಪೆ ಸಾಲಲ್ಲ. ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಮುಖಕ್ಕೆ ಹತ್ತಿರ ಇರೋದ್ರಿಂದ ಅಲ್ಲೇ ಮೊದಲು ನಡುಗೋದು.

ಮಾಡಬೇಕಾದ್ದು: ಕಂಪ್ಯೂಟರಿಂದ ರೂಟರಿಗೆ ಕೇಬಲ್ ಹಾಕಿ, ಎರಡು ಕಡೆನೂ ವೈಫೈ ಆದ್ರೆ ಗಾಳಿಯಲ್ಲಿ ಆಗೋ ತಡ ಎರಡು ಪಟ್ಟು. ಹೆಡ್‌ಸೆಟ್ 5 ಗಿಗಾಹರ್ಟ್ಸ್‌ನಲ್ಲೇ ಇರಲಿ, 2.4 ಬೇಡ. ರೂಟರ್ ಅದೇ ಕೋಣೇಲಿ, ಕಣ್ಣಿಗೆ ಕಾಣೋ ಹಾಗೆ. ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ, ಮೆಗಾಬಿಟ್ ಲೆಕ್ಕ) 150 ಇಟ್ಟಿದ್ರೆ 80ಕ್ಕೆ ಇಳಿಸಿ ನೋಡಿ, ಚಿತ್ರ ಒಂಚೂರು ಮಬ್ಬಾದ್ರೂ ಎಡವೋದು ನಿಲ್ಲುತ್ತೆ. ಸ್ಟ್ರೀಮಿಂಗ್ ಆಪ್‌ನಲ್ಲಿ ತಡ ತೋರಿಸೋ ಅಂಕಿ ಆನ್ ಮಾಡಿಟ್ಟು, ಒಳ್ಳೇ ದಿನ ಎಷ್ಟು, ಕೆಟ್ಟ ದಿನ ಎಷ್ಟು ಅಂತ ಬರೆದಿಡಿ. ಅಪಾರ್ಟ್‌ಮೆಂಟ್ ಆದ್ರೆ ಸಂಜೆ ಹೊತ್ತು ಅಂಕಿ ಏರೋದು ಕಾಣುತ್ತೆ, ಆಗ ಚಾನೆಲ್ ಬದಲಿಸಿ. ಆಟದೊಳಗೆ ಕಾರಿನ ಒಳಗಿಂದ ನೋಡೋ ನೋಟವೇ ಇರಲಿ, ಹಿಂದಿಂದ ನೋಡೋದು ಬೇಡ. ದಿಗಂತಕ್ಕೆ ನೋಟ ಕಟ್ಟೋ ಆಯ್ಕೆ ಇದ್ರೆ ಆನ್ ಮಾಡಿ. ಕಾರ್ ಗುದ್ದಿ ಪಲ್ಟಿ ಹೊಡೆಯುವಾಗ ಕಣ್ಣು ಮುಚ್ಚಿಬಿಡಿ. ನಾಚಿಕೆ ಏನಿಲ್ಲ.

ಇನ್ನೊಂದು ವಿಷಯ, ಇದನ್ನ ಯಾರೂ ನೋಡಲ್ಲ. ಹೆಡ್‌ಸೆಟ್ ತಾನೆಲ್ಲಿದೀನಿ ಅಂತ ತಿಳಿಯೋದು (ಟ್ರ್ಯಾಕಿಂಗ್) ಕ್ಯಾಮೆರಾದಿಂದ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಅದರ ತಾಳಕ್ಕೆ ಮಿಣುಕುತ್ತವೆ. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ಟಿನ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಅಂತ ಇದೆ. ಆಟೋ ಸರಿಹೋಗದಿದ್ರೆ 50ಕ್ಕೆ ಹಾಕಿ. ಹೊರದೇಶದಿಂದ ತರಿಸಿದ್ದು 60ರಲ್ಲಿ ಇದ್ರೆ ಖಂಡಿತ ನೋಡಿ. ದೊಡ್ಡ ಕನ್ನಡಿ, ಗಾಜಿನ ಬೀರು, ಏನೂ ಇಲ್ಲದ ಬಿಳಿ ಗೋಡೆ, ಮಂದ ಬೆಳಕು ಇವೆಲ್ಲ ದಾರಿ ತಪ್ಪಿಸುತ್ತವೆ.

ಯಂತ್ರದ ತಪ್ಪೋ ಅಲ್ವೋ ಅಂತ ಒಂದು ನಿಮಿಷದಲ್ಲಿ ತಿಳಿಯೋಕೆ ಹೀಗೆ ಮಾಡಿ. ಆಟ ತೆರೆಯದೆ ಮೊದಲ ಮನೆ-ದೃಶ್ಯದಲ್ಲಿ ನಿಂತು, ಹತ್ತಿರದ ಒಂದು ವಸ್ತುವಿನ ಅಂಚು ನೋಡ್ತಾ ತಲೆಯನ್ನ 10 ಸೆಂ.ಮೀ. ಎಡಕ್ಕೆ, ಬಲಕ್ಕೆ ಸರಿಸಿ. ಅಂಚು ಈಜಿದ್ರೆ ಅಥವಾ ನಡುಗಿದ್ರೆ ಟ್ರ್ಯಾಕಿಂಗ್. ಆಮೇಲೆ "ಇಲ್ಲ ಇಲ್ಲ" ಅನ್ನೋ ಹಾಗೆ ಜೋರಾಗಿ ತಲೆ ಆಡಿಸಿ. ಲೋಕ ತಡವಾಗಿ ಬಂದು ನಿಂತ್ರೆ ತಡದ ತೊಂದರೆ. ಎರಡೂ ಗಟ್ಟಿಯಾಗಿ ನಿಂತಿದ್ರೆ ಹೆಡ್‌ಸೆಟ್ ಬೈಯ್ಯೋದು ಬಿಡಿ.

ಚಷ್ಮಾದಂಗಡಿ

ಮೂರನೇದು ನಂದು. ಸಿನಿಮಾ ನೋಡಿದ್ರ ಹಣಿ ನೋವು, ವಾಕರಿಕಿ ಇಲ್ಲ ಅಂದ್ರ ಅದು ಕಿವಿದಲ್ರಿ, ಕಣ್ಣಿಂದು. ಈ ಎರಡನ್ನ ಒಂದs ಚೀಲಕ್ಕ ತುಂಬಬ್ಯಾಡ್ರಿ.

ಮೊದಲ ಕಣ್ಣಿನ ನಡುವಿನ ಅಂತರ ಅಳೀರಿ. ಕನ್ನಡಿಯಿಂದ 20 ಸೆಂ.ಮೀ. ದೂರ ನಿಂತು, ಮಿಲಿಮೀಟರ್ ಪಟ್ಟಿ ಹುಬ್ಬಿಗೆ ಹಚ್ಚಿ ಹಿಡೀರಿ. ಬಲಗಣ್ಣು ಮುಚ್ಚಿ, ಎಡಗಣ್ಣಿನ ಪಾಪೆಯ ನಟ್ಟನಡುವಕ್ಕ ಸೊನ್ನಿ ಕೂಡಸ್ರಿ. ಪಟ್ಟಿ, ತಲಿ ಎರಡೂ ಅಳಗಾಡಸ್ದ ಎಡಗಣ್ಣು ಮುಚ್ಚಿ ಬಲಗಣ್ಣು ತಗದು ಅದರ ಪಾಪೆಯ ನಡುವಿನ ಅಂಕಿ ಓದ್ರಿ. ಮೂರು ಸಲ ಮಾಡಿ ಸರಾಸರಿ ತಗೋರಿ. ಚಷ್ಮಾ ಇದ್ದವ್ರು ಅಂಗಡಿಯವ್ರನ್ನ ಪಿ.ಡಿ. ಎಷ್ಟು ಅಂತ ಕೇಳಿದ್ರ ಸಾಕು, ಅಳದs ಇರ್ತಾರ. ದೊಡ್ಡವ್ರಿಗೆ ಸರಾಸರಿ 63 ಮಿ.ಮೀ., ಆದ್ರ 55 ಇದ್ದವ್ರೂ ಇದ್ದಾರ, 72 ಇದ್ದವ್ರೂ ಇದ್ದಾರ.

ಕ್ವೆಸ್ಟ್ 2ರಂಥಾ ಮೂರು ಹಂತದ್ದರಾಗ ಲೆನ್ಸ್ ನಡುವಿನ ಅಂತರ 58, 63, 68. ನಿಮ್ಮದು 61ರ ಕೆಳಗ ಇದ್ರ ಒಂದನೇದು, 61ರಿಂದ 66 ಎರಡನೇದು, ಅದಕ್ಕಿಂತ ಹೆಚ್ಚಿದ್ರ ಮೂರನೇದು. ಮೂರು ಮಂದಿ ಬಳಸ್ತೀರಿ, ನಡುವಿನದರಾಗs ಇಟ್ಟೀರಿ ಅಂದ್ರ ಕನಿಷ್ಠ ಒಬ್ರಿಗರೆ ಸರಿ ಕೂಡ್ಲಿಕ್ಕಿಲ್ಲ. ಹಾಕ್ಕೊಂಡಾಗೊಮ್ಮೆ ಬದಲು ಮಾಡ್ರಿ. ಕ್ವೆಸ್ಟ್ 3ದಾಗ ಗಾಲಿ ತಿರುವಿ ಬೇಕಾದಲ್ಲಿ ನಿಲ್ಲಸಬಹುದು, ಅದು ಭಾಳ ಚಲೋ. ಅಂತರ ತಪ್ಪಿದ್ರ ಕಣ್ಣು ಲೆನ್ಸಿನ ನಡು ಬಿಟ್ಟು ಬಾಜೂಕ ನೋಡ್ತದ, ಚಿತ್ರ ಸೊಟ್ಟ ಬರ್ತದ, ಎರಡೂ ಕಣ್ಣನ್ನ ಒಂದ ಕಡೆ ಎಳಕೊಂಡು ಇಡ್ಲಿಕ್ಕೆ ಸ್ನಾಯು ದುಡೀಬೇಕಾಗ್ತದ. ಹೆಣ್ಣುಮಕ್ಕಳಿಗೆ ವಿಆರ್ ಆಗಿಬರಂಗಿಲ್ಲ ಅಂತ ಒಂದು ಮಾತು ಓಡ್ಯಾಡ್ತದಲ್ರಿ, 2020ರಾಗ ಸ್ಟ್ಯಾನಿ ಮತ್ತವರ ಸಂಗಡಿಗರು ನೋಡಿದಾಗ ಆ ಫರಕಿನ ಮುಖ್ಯ ಕಾರಣ ಈ ಅಂತರ ಕೂಡದs ಇದ್ದದ್ದು ಅಂತ ಕಂಡಿತು. ಹೆಡ್‌ಸೆಟ್ ದೊಡ್ಡ ಮುಖಕ್ಕ ಮಾಡ್ಯಾರ, ದೋಷ ಹಾಕ್ಕೊಂಡವ್ರದು ಅಂದ್ರ ಹೆಂಗ?

ಅಂತರ ಸರಿ ಇದ್ರೂ ಒಂದು ತೊಡಕು ಉಳೀತದ, ಅದಕ್ಕ ಇವತ್ತಿನ ಮಾಮೂಲಿ ಹೆಡ್‌ಸೆಟ್‌ನಾಗ ಮದ್ದಿಲ್ಲ. ಹೊರಗ ಹತ್ತಿರದ್ದು ನೋಡಿದಾಗ ಎರಡೂ ಕಣ್ಣು ಒಳಗ ತಿರಗ್ತಾವ, ಕಣ್ಣೊಳಗಿನ ಮಸೂರನೂ ದಪ್ಪ ಆಗ್ತದ. ಎರಡೂ ಜೋಡಿ ಎತ್ತು ಇದ್ದಂಗ. ವಿಆರ್‌ದಾಗ ಪರದೆ ಯಾವಾಗ್ಲೂ ಒಂದ ದೂರದಾಗ ಇದ್ದಂಗ ಕಾಣ್ತದ, ಕ್ವೆಸ್ಟ್ 2ರಾಗ ಸುಮಾರು 1.3 ಮೀಟರ್. ವಸ್ತು ಮೂಗಿನ ಮುಂದ 30 ಸೆಂ.ಮೀ.ಗೆ ಬಂದ್ರೂ ಮಸೂರ 1.3ಕ್ಕs ನಿಂತಿರಬೇಕು, ಕಣ್ಣುಗುಡ್ಡಿ ಮಾತ್ರ ಒಳಗ ತಿರಗಬೇಕು. ಎತ್ತು ಒಂದೊಂದು ದಿಕ್ಕಿಗೆ ಎಳದ್ರ ಹಣಿ ನೋಯದs ಏನ್ ಮಾಡೀತು? ಅದಕ್ಕ ಸಿನಿಮಾ ಪರದೆ ಹತ್ತರ ಎಳಕೋಬ್ಯಾಡ್ರಿ, 2–3 ಮೀಟರ್ ದೂರ ಇಡ್ರಿ. ಓದೂವಂಥಾದ್ದು ಏನಿದ್ರೂ ಒಂದು ಮೀಟರ್‌ಗಿಂತ ಆಚೆ.

ಚಷ್ಮಾದ ಮಾತು. ಪರದೆ 1.3 ಮೀಟರ್‌ನಾಗ ಅದ ಅಂದ್ರ ಸುಮಾರು –0.75 ನಂಬರಿನ ತನಕ ಚಷ್ಮಾ ತಗದs ಸ್ವಚ್ಛ ಕಾಣ್ತದ. ಅದಕ್ಕಿಂತ ಹೆಚ್ಚಿದ್ರ ಹಾಕ್ಕೋಬೇಕು, ಆವಾಗ ಪೆಟ್ಟಿಗಿ ಜೋಡಿ ಬಂದ ಸ್ಪೇಸರ್ (ಚಷ್ಮಾಕ್ಕ ಜಾಗ ಬಿಡೂ ಚೌಕಟ್ಟು) ಹಾಕ್ರಿ, ಇಲ್ಲಂದ್ರ ಗಾಜಿಗೆ ಗಾಜು ತಿಕ್ಕಿ ಎರಡೂ ಗೀರು ಬೀಳ್ತಾವ. ಸ್ಪೇಸರ್ ಹಾಕಿದ್ರ ಕಣ್ಣು ದೂರ ಹೋಗಿ ನೋಟ ಸಣ್ಣದಾಗ್ತದ, ಅದು ಖರೆ. ನಂಬರಿನ ಲೆನ್ಸ್ ಒಳಗs ಕೂಡಸೋದು ಸಿಗ್ತದ, ದಿನಾ ಬಳಸಾವ್ರು ಅದನ್ನ ತಗೊಳ್ಳೋದು ಚಲೋ. 45 ದಾಟಿದವ್ರು ಓದೂ ಚಷ್ಮಾ ಹಾಕ್ಕೊಂಡು ನೋಡಬ್ಯಾಡ್ರಿ. ದೂರದ್ದು, ಓದೂದು ಎರಡೂ ಒಂದs ಗಾಜಿನಾಗ ಇರೂ ಪ್ರೊಗ್ರೆಸ್ಸಿವ್ ಚಷ್ಮಾ ಇದ್ದವ್ರಿಗೆ ತಾಪತ್ರಯ ಹೆಚ್ಚು: ಕೆಳಗ ನೋಡಿದ್ರ ಓದೂ ಭಾಗ ಅಡ್ಡ ಬಂದು ಮಸಕಾಗ್ತದ.

ಹಂಗs ತಲಿಗೆ ಕಟ್ಟೂ ಪಟ್ಟಿ ನೋಡ್ರಿ. ಕ್ವೆಸ್ಟ್ 2 503 ಗ್ರಾಂ, ಕ್ವೆಸ್ಟ್ 3 515 ಗ್ರಾಂ, ಎಲ್ಲಾ ಭಾರ ಮುಂದ. ಹಿಂದಿನ ಪಟ್ಟಿ ತಲಿ ಹಿಂಬದಿಯ ಉಬ್ಬಿದ ಎಲುಬಿನ ಕೆಳಗ ಕೂಡಬೇಕು, ಮ್ಯಾಲಿನ ಪಟ್ಟಿ ಭಾರ ಹೊರಬೇಕು. ಬಾಜೂನ ಪಟ್ಟಿ ಬಿಗಿದು ನಿಲ್ಲಸಿದ್ರ ಹಣಿ ನೋವು ಬರೋದು ಒತ್ತಡಕ್ಕ, ಕಣ್ಣಿಗಲ್ಲ. ತಗದ ಐದು ನಿಮಿಷಕ್ಕ ನೋವು ಹೋದ್ರ, ಹಣಿ ಮ್ಯಾಲೆ ಕೆಂಪು ಗೆರಿ ಇದ್ರ, ಅದs ಅಂತ ತಿಳೀರಿ. ನೋವು ಕಣ್ಣಿನ ಹಿಂದಿದ್ದು ತಾಸುಗಟ್ಟಲೆ ಉಳದ್ರ ಒಂದು ಪೆನ್ನು ಮೂಗಿನ ಕಡೆ ನಿಧಾನ ತರ್ರಿ. 10 ಸೆಂ.ಮೀ.ಗಿಂತ ದೂರದಾಗs ಎರಡಾಗಿ ಕಂಡ್ರ, ಮತ್ತ ಮತ್ತ ಹಂಗs ಆದ್ರ, ಕಣ್ಣಿನ ಡಾಕ್ಟರಿಗೆ ತೋರಸ್ರಿ. ಎರಡೂ ಕಣ್ಣು ಜೋಡಿ ತಿರಗೋ ಶಕ್ತಿ ಕಮ್ಮಿ ಇದ್ದಂಗದ, ಅದಕ್ಕ ವ್ಯಾಯಾಮ ಅದಾವ.

ಕರಿಹಲಗೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಶಾಲೆಗೆ ಮೊಬೈಲ್ ಹಾಕೋ ಡಬ್ಬಿ, ಐನೂರು ರೂಪಾಯಿ ಆಸುಪಾಸಿನದು, ತಗೊಂಡು ಮಕ್ಕಳಿಗೆ 360 ಡಿಗ್ರಿ ವೀಡಿಯೊ ತೋರಿಸೋ ಆಲೋಚನೆ ಇದೆ. ಈ ಮೂರರಲ್ಲಿ ಯಾವುದು ಅದಕ್ಕೆ ಅನ್ವಯಿಸುತ್ತೆ?

ಹನ್ನೊಂದುಮಿಲಿ

ಮೂರೂ ಅನ್ವಯಿಸುತ್ತೆ ಸರ್, ಒಟ್ಟಿಗೆ. ಡಬ್ಬಿಯಲ್ಲಿ ತಲೆ ತಿರುಗಿದ್ದು ಮಾತ್ರ ಗೊತ್ತಾಗುತ್ತೆ, ಬಾಗಿದ್ದು ಗೊತ್ತಾಗಲ್ಲ, ಡಿಕೆ1 ಕಾಲದ ಕಥೆಯೇ. ಮೊಬೈಲಲ್ಲಿ ಗೈರೊಸ್ಕೋಪ್ (ತಿರುಗಿದ್ದನ್ನ ಅಳೆಯೋ ಸೆನ್ಸರ್) ಇದೆಯಾ ಅಂತ ಮೊದಲು ನೋಡಿ. ಎಷ್ಟೋ ಅಗ್ಗದ ಫೋನುಗಳಲ್ಲಿ ಇರಲ್ಲ. ಇಲ್ಲದಿದ್ರೆ ದಿಕ್ಸೂಚಿ ಮತ್ತು ಭಾರದ ಸೆನ್ಸರ್ ನೋಡಿ ಅಂದಾಜು ಮಾಡುತ್ತೆ, ಚಿತ್ರ ತಾನಾಗೇ ತೇಲುತ್ತೆ, ಎರಡು ನಿಮಿಷಕ್ಕೆ ಮಕ್ಕಳು ತಲೆ ಹಿಡ್ಕೊಳ್ತಾರೆ.

ತಲೆಗೆ ಕಟ್ಟೋ ಪಟ್ಟಿ ಬಿಚ್ಚಿಹಾಕಿ, ಕೈಯಲ್ಲೇ ಹಿಡ್ಕೊಳ್ಳಲಿ. 2014ರಲ್ಲಿ ಬಂದ ಗೂಗಲ್ ಕಾರ್ಡ್‌ಬೋರ್ಡಿಗೆ ಪಟ್ಟಿ ಇಡದಿದ್ದುದು ಬೇಕಂತಲೇ: ಕೈಯಲ್ಲಿ ಹಿಡಿದ್ರೆ ತಲೆ ಸೊಂಟದ ಜತೆ ನಿಧಾನಕ್ಕೆ ತಿರುಗುತ್ತೆ, ಫೋನಿನ ತಡ ಅಷ್ಟು ಕಾಣಲ್ಲ. ಸುಸ್ತಾದ್ರೆ ಕೈ ತಾನೇ ಇಳಿಸುತ್ತೆ, ಅದೂ ಲಾಭ. ಫೋನ್ ಅಡ್ಡಲಾಗಿ ಇಟ್ಟಾಗ ನಡುವಿನ ಗೆರೆ ಡಬ್ಬಿಯ ನಡುವಿನ ಗೋಡೆಗೆ ಸರಿಯಾಗಿ ಬರಲಿ, 2–3 ಮಿ.ಮೀ. ತಪ್ಪಿದ್ರೂ ಎರಡು ಕಣ್ಣಿನ ಚಿತ್ರ ಕೂಡಲ್ಲ.

ವೀಡಿಯೊ ಆರಿಸುವಾಗ ಕ್ಯಾಮೆರಾ ನಿಂತಲ್ಲೇ ನಿಂತದ್ದು ಮಾತ್ರ. ಡ್ರೋನು, ರೋಲರ್ ಕೋಸ್ಟರು, ನಡೀತಾ ತೆಗೆದದ್ದು ಬೇಡ. ದಿಗಂತ ಓರೆ ಇರೋ ವೀಡಿಯೊ ಮೊದಲೇ ನೋಡಿ ಬದಿಗಿಡಿ. ಕೂರಿಸಿ, ಒಂದು ಸಲಕ್ಕೆ 3ರಿಂದ 5 ನಿಮಿಷ. ತೀರ ಚಿಕ್ಕ ಮಕ್ಕಳಿಗೆ ಬೇಡ. ಮೆಟಾ ತನ್ನ ಹೆಡ್‌ಸೆಟ್‌ಗೆ 13 ಇದ್ದ ಕನಿಷ್ಠ ವಯಸ್ಸನ್ನ 2023ರಲ್ಲಿ ಪಾಲಕರ ಒಪ್ಪಿಗೆಯ ಮೇಲೆ 10ಕ್ಕೆ ಇಳಿಸಿದೆ. ಮಕ್ಕಳ ಕಣ್ಣಿನ ಅಂತರಕ್ಕೆ ಡಬ್ಬಿಯ ಲೆನ್ಸ್ ಕೂಡೋದೂ ಕಷ್ಟ.

ಗಿರಗಿಟ್ಲೆ

ಎಲ್ಲರಿಗೂ ಥ್ಯಾಂಕ್ಸ್. ಅಳತೆ: 59, 62, 67. ಅಂದ್ರೆ ನಡುವಿನ ಹಂತ ಒಬ್ಬರಿಗಷ್ಟೇ ಸರಿ. ಕನ್ನಡಕದವರದ್ದು 67. ತಲೆ ಆಡಿಸೋ ಪರೀಕ್ಷೆ ಎರಡರಲ್ಲೂ ಪಾಸು. ಎರಡು ಪ್ರಶ್ನೆ ಉಳೀತು. ಬಸ್ಸಿಗೆ ತಗೊಳ್ಳೋ ವಾಂತಿ ಮಾತ್ರೆ, ಶುಂಠಿ ಇವು ಇದಕ್ಕೆ ಕೆಲಸ ಮಾಡ್ತವಾ? "ಅಭ್ಯಾಸ ಆಗುತ್ತೆ" ಅನ್ನೋದು ಎಷ್ಟು ನಿಜ?

ಒಳಕಿವಿ

ಅಭ್ಯಾಸ ಆಗುವುದು ನಿಜ. ಹೇಗೆ ಅಭ್ಯಾಸ ಮಾಡುತ್ತೀರಿ ಎಂಬುದರಲ್ಲಿ ಜನ ಎಡವುತ್ತಾರೆ. ಹಲ್ಲು ಕಚ್ಚಿ ವಾಂತಿ ಬರುವ ತನಕ ಆಡಿದರೆ ಮಿದುಳು ಕಲಿಯುವುದು ವಿಆರ್ ಅಲ್ಲ, ಹೇವರಿಕೆ. ಆಮೇಲೆ ಹೆಡ್‌ಸೆಟ್ಟಿನ ಸ್ಪಂಜಿನ ವಾಸನೆಗೇ ಹೊಟ್ಟೆ ತೊಳಸುವವರಿದ್ದಾರೆ.

ಮೊದಲ ಸೂಚನೆ ವಾಕರಿಕೆಯಲ್ಲ. ಆಕಳಿಕೆ, ಬಾಯಲ್ಲಿ ನೀರೂರುವುದು, ಹಣೆ ಮತ್ತು ಮೇಲ್ತುಟಿಯಲ್ಲಿ ತಣ್ಣನೆ ಬೆವರು, ಸುಮ್ಮನೆ ಬೇಸರ, ಮಂಪರು. ಇವುಗಳಲ್ಲಿ ಒಂದು ಕಂಡ ಕೂಡಲೆ ತೆಗೆಯಿರಿ. "ಈ ಒಂದು ಮಟ್ಟ ಮುಗಿಸಿ" ಅಂತಲ್ಲ. ನಿಮ್ಮ ಇಬ್ಬರಿಗೆ 8ನೆಯ ನಿಮಿಷಕ್ಕೆ ಬೆವರು ಬರುವುದಾದರೆ 5 ನಿಮಿಷದಿಂದ ಶುರು ಮಾಡಿ, ದಿನಕ್ಕೆ ಒಂದೇ ಸಲ. ಎರಡು ದಿನ ಒಂದಿಷ್ಟೂ ತೊಂದರೆಯಿಲ್ಲದೆ ಕಳೆದರೆ 2 ನಿಮಿಷ ಏರಿಸಿ. ಸೂಚನೆ ಕಂಡ ದಿನ ಹಿಂದಿನ ಅಳತೆಗೆ ಇಳಿಯಿರಿ. ಅಳೆಯಲು ಕೆನೆಡಿ ಮತ್ತು ಸಂಗಡಿಗರು 1993ರಲ್ಲಿ ಮಾಡಿದ ಪ್ರಶ್ನಾವಳಿ ಇದೆ, 16 ಲಕ್ಷಣಗಳಿಗೆ ತಲಾ 0ಯಿಂದ 3 ಅಂಕ. ಅದು ವಿಮಾನ ಸಿಮ್ಯುಲೇಟರ್‌ಗಳಿಗೆ ಮಾಡಿದ್ದು, ಈಗಲೂ ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಮನೆಗೆ ಅಷ್ಟು ಬೇಡ. ಆಡುವ ಮುಂಚೆ ಮತ್ತು ಆದಮೇಲೆ ಹೊಟ್ಟೆ, ಕಣ್ಣು, ತಲೆಸುತ್ತು ಮೂರಕ್ಕೆ ಅಂಕ ಬರೆದರೆ ಸಾಕು. ಯಾವುದು ಏರುತ್ತಿದೆ ಎಂಬುದರಿಂದ ಕಾರಣ ಕಿವಿಯದೋ ಲೆನ್ಸಿನದೋ ತಾನೇ ತಿಳಿಯುತ್ತದೆ.

ಬಸ್ಸಿನ ಮಾತ್ರೆಗಳಲ್ಲಿ ಹೆಚ್ಚಿನವು ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್ ಜಾತಿಯವು. ವಾಕರಿಕೆ ತಡೆಯುತ್ತವೆ, ಜತೆಗೆ ನಿದ್ದೆಯನ್ನೂ ತರುತ್ತವೆ. ಆಟಕ್ಕೋಸ್ಕರ ನುಂಗುವುದು ನನಗೆ ಸರಿ ಕಾಣುವುದಿಲ್ಲ: ಮೊದಲ ಸೂಚನೆಗಳನ್ನೇ ಅಳಿಸಿಬಿಡುತ್ತವೆ, ಆಮೇಲೆ ಗಾಡಿ ಓಡಿಸುವಂತಿಲ್ಲ. ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಶುಂಠಿ ಕೆಲವರಿಗೆ ಸ್ವಲ್ಪ ಹಿತ, ಅಷ್ಟೇ. ಅದಕ್ಕಿಂತ ಟೇಬಲ್ ಫ್ಯಾನ್ ವಾಸಿ. ಮುಖಕ್ಕೆ ಗಾಳಿ ಬೀಳುವಂತೆ ಒಂದೇ ಕಡೆ ಇಟ್ಟರೆ ಸೆಖೆ ಇಳಿಯುತ್ತದೆ, ಕೋಣೆಯಲ್ಲಿ ಯಾವ ದಿಕ್ಕಿಗೆ ನಿಂತಿದ್ದೇನೆ ಎಂಬುದೂ ಚರ್ಮಕ್ಕೆ ತಿಳಿಯುತ್ತಿರುತ್ತದೆ. ತಿರುಗುತ್ತ ಬೀಸುವ ಗುಂಡಿ ಆಫ್ ಮಾಡಿರಿ. ಬರೀ ಹೊಟ್ಟೆಯೂ ಬೇಡ, ಊಟವಾದ ಕೂಡಲೆಯೂ ಬೇಡ. ತಲೆ ಹಗುರಾಗಿದೆ ಅನಿಸುತ್ತಿರುವಷ್ಟು ಹೊತ್ತು ಬೈಕು, ಕಾರು ಮುಟ್ಟಬೇಡಿ.

ಗಿರಗಿಟ್ಲೆ

ಚಷ್ಮಾದಂಗಡಿಯವರಿಗೆ ಒಂದು ಮಾತು. 67ಕ್ಕೆ ಮೂರನೇ ಹಂತ ಹಾಕಿ, ಪರದೆ 3 ಮೀಟರ್ ದೂರ ಇಟ್ಟ ಮೇಲೆ ಮಾಮೂಲಿ ಸಿನಿಮಾಕ್ಕೆ ನೋವಿಲ್ಲ. 3ಡಿ ಸಿನಿಮಾಕ್ಕೆ ಮಾತ್ರ ಈಗಲೂ ಇದೆ. ಬರೆಯೋದು ಮರೆತಿದ್ದೆ, ಅವರು ಸೋಫಾದ ಮೇಲೆ ಒಂದು ಮಗ್ಗುಲಾಗಿ ಮಲಗಿ ನೋಡೋದು.

ಚಷ್ಮಾದಂಗಡಿ

ಇದನ್ನ ಮೊದಲ ಹೇಳಬೇಕಿತ್ರಿ! 3ಡಿ ಸಿನಿಮಾದಾಗ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಎರಡಕ್ಕೂ ಫರಕು ಅಡ್ಡಕ್ಕ ಇರ್ತದ, ಎರಡೂ ಕಣ್ಣು ಒಂದ ಮಟ್ಟದಾಗ ಅದಾವ ಅಂತ ತಿಳದು ತಗದಿರ್ತಾರ. ಮಗ್ಗಲಾಗಿ ಮಲಗಿದ್ರ ಕಣ್ಣು ಒಂದರ ಮ್ಯಾಲೆ ಒಂದು ಆಗ್ತಾವ, ಪರದೆ ಮಾತ್ರ ನೆಟ್ಟಗ ನಿಂತಿರ್ತದ. ಆವಾಗ ಒಂದು ಕಣ್ಣು ಮ್ಯಾಲಕ್ಕ, ಒಂದು ಕೆಳಕ್ಕ ತಿರಗಿ ಚಿತ್ರ ಕೂಡಸಬೇಕು, ಅದು ಮನಷ್ಯಾನ ಕಣ್ಣಿಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಆಗೂದಿಲ್ಲ. ಬೆನ್ನ ಮ್ಯಾಲೆ ಮಲಗಿ ಪರದೆನ ಚತ್ತಿನ ಕಡೆ ಎಳದು ಇಡಲಿ, ಮಲಗಿ ನೋಡೂ ಆಯ್ಕೆ ಇದ್ರ ಅದನ್ನ ಚಾಲೂ ಮಾಡಲಿ. ಮಗ್ಗಲಾಗೇ ಬೇಕಂದ್ರ 2ಡಿ ನೋಡಲಿ.